ಬೊಲೆರೊ ಪಿಕಪ್ ಲೋಡ್ ಬಾಡಿಯೊಳಗೆ ಲೈನರ್ (ರಕ್ಷಣೆಯ ಪದರ): ಸ್ಪ್ರೇ ಕೋಟಿಂಗ್, ರಬ್ಬರ್ ಮ್ಯಾಟ್, ಚೆಕರ್ ಪ್ಲೇಟ್ – ಯಾವುದು ಹಾಕಿಸೋದು?

ಚಿಂತಾಮಣಿ_ಲೋಡ್

ಹೊಸ ಬೊಲೆರೊ ಪಿಕಪ್, ಬಾಡಿ ಇನ್ನೂ ಗೀರು ಬಿದ್ದಿಲ್ಲ. ಟೇಪ್ ಹಿಡಿದು ಅಳೆದದ್ದು: ಒಳಗೆ ಉದ್ದ 9 ಅಡಿ, ಅಗಲ 5.5 ಅಡಿ, ಪಕ್ಕದ ಗೋಡೆ ಒಂದೂವರೆ ಅಡಿ. ಸೀಸನ್ನಿನಲ್ಲಿ ಕೋಲಾರ ಎಪಿಎಂಸಿಗೆ ಟೊಮೆಟೊ, 15 ಕೆ.ಜಿ. ಬಾಕ್ಸು. ಉಳಿದ ದಿನ ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ, ಯೂರಿಯಾ-ಪೊಟ್ಯಾಷ್ ಮೂಟೆ. ತಿಂಗಳಿಗೆ ಒಂದೆರಡು ಟ್ರಿಪ್ ಸಾಲಿಡ್ ಬ್ಲಾಕ್ ಅಥವಾ ಎಂ-ಸ್ಯಾಂಡ್.

ಕೋಟಿಂಗ್ ಅಂಗಡಿಯವರು ಸ್ಪ್ರೇ ಮಾಡಿಸಿ ಅಂತಾರೆ, ಬಾಡಿ ಬಿಲ್ಡರ್ 3 ಮಿ.ಮೀ. ಚೆಕರ್ ಪ್ಲೇಟ್ (ಉಬ್ಬು ಗೀಟಿನ ಲೋಹದ ಹಾಳೆ) ಬಿಟ್ಟು ಬೇರೆ ಮಾತಿಲ್ಲ ಅಂತಾರೆ, ಮಾರ್ಕೆಟ್ಟಿನ ಡ್ರೈವರ್‌ಗಳು ಕೌ ಮ್ಯಾಟ್ (ಕೊಟ್ಟಿಗೆಯಲ್ಲಿ ಹಸುವಿಗೆ ಹಾಸೋ ರಬ್ಬರ್ ಮ್ಯಾಟ್) ಸಾಕು ಅಂತಾರೆ. ಮೂರೂ ಸರಿ ಇರೋಕೆ ಸಾಧ್ಯ ಇಲ್ಲ. ಕಾರಣ ಸಮೇತ ಹೇಳಿ.

ತುಕ್ಕು_ವೈರಿ

ಸರ್, ಮೂರೂ ಸರಿ. ಒಂದೊಂದು ಒಂದೊಂದು ಲೋಡಿಗೆ. ಬಾಡಿ ಹಾಳಾಗೋದು ಮೂರು ಥರ: ಪೆಟ್ಟು ಬಿದ್ದು ತಗ್ಗಾಗೋದು (ಬ್ಲಾಕು), ಉಜ್ಜಿ ಪೇಂಟ್ ಹೋಗೋದು (ಮರಳು, ಸನಿಕೆ), ರಸ ಇಳಿದು ತುಕ್ಕು ಹಿಡಿಯೋದು (ಗೊಬ್ಬರ, ಪೊಟ್ಯಾಷ್, ಒಡೆದ ಟೊಮೆಟೊ). ಸ್ಪ್ರೇ ಮೂರನೆಯದನ್ನು ಚೆನ್ನಾಗಿ ತಡೆಯುತ್ತೆ, ಎರಡನೆಯದನ್ನು ಸುಮಾರಾಗಿ ತಡೆಯುತ್ತೆ, ಮೊದಲನೆಯದಕ್ಕೆ ಉಪಯೋಗವೇ ಇಲ್ಲ. ತಗಡು ತಗ್ಗಾದರೆ ಕೋಟಿಂಗೂ ಅದರ ಜೊತೆ ತಗ್ಗಾಗುತ್ತೆ. ಚೆಕರ್ ಪ್ಲೇಟ್ ಪೆಟ್ಟಿಗೆ ರಾಜ, ತುಕ್ಕಿನ ವಿಷಯದಲ್ಲಿ ಮಾತ್ರ ಶತ್ರುವಿಗಿಂತ ಕಡೆ. ಪ್ಲೇಟಿಗೂ ನೆಲಕ್ಕೂ ನಡುವೆ ನೀರು ಸೇರಿದರೆ ಒಣಗೋದೇ ಇಲ್ಲ. ಮ್ಯಾಟು ಮಧ್ಯದಲ್ಲಿದೆ, ಎತ್ತಿ ತೊಳೆಯೋ ಅಭ್ಯಾಸ ಇದ್ದರೆ.

ಈಗ ತೂಕ. ಇದನ್ನ ಯಾರೂ ಲೆಕ್ಕ ಹಾಕಲ್ಲ. ನಿಮ್ಮ ನೆಲ 49.5 ಚದರಡಿ, ಅಂದ್ರೆ 4.6 ಚದರ ಮೀಟರ್. 3 ಮಿ.ಮೀ. ಕಬ್ಬಿಣದ ಚೆಕರ್ ಪ್ಲೇಟ್ ಚದರ ಮೀಟರಿಗೆ ಸುಮಾರು 25 ಕೆ.ಜಿ.; ನೆಲಕ್ಕಷ್ಟೇ ಹಾಕಿದರೂ 115 ಕೆ.ಜಿ. ಅಂದ್ರೆ ಪ್ರತಿ ಟ್ರಿಪ್ಪಿಗೂ ಏಳೆಂಟು ಬಾಕ್ಸ್ ಟೊಮೆಟೊ ಕಡಿಮೆ, ಗಾಡಿ ಮಾರೋವರೆಗೂ. ಅದೇ ಅಲ್ಯುಮಿನಿಯಂ ಆದರೆ 40 ಕೆ.ಜಿ. ಆಸುಪಾಸು. 8 ಮಿ.ಮೀ. ರಬ್ಬರ್ ಶೀಟ್ 45ರಿಂದ 50. ಕೌ ಮ್ಯಾಟ್ 17 ಮಿ.ಮೀ. ದಪ್ಪದ್ದು ಬಂದರೆ 70 ದಾಟುತ್ತೆ, ಕೊಳ್ಳೋಕೆ ಮುಂಚೆ ಒಂದನ್ನ ತೂಗಿ ನೋಡಿ. 5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟ್ 22 ಕೆ.ಜಿ. ಲೈನರ್ ತೂಕವೂ ಗಾಡಿಯ ಒಟ್ಟು ತೂಕದಲ್ಲೇ ಸೇರುತ್ತೆ, ವೇ ಬ್ರಿಡ್ಜಿನಲ್ಲಿ ರಿಯಾಯಿತಿ ಇಲ್ಲ. ಹಾಕಿಸಿದ ಮೇಲೆ ಖಾಲಿ ಗಾಡಿ ಒಮ್ಮೆ ತೂಗಿಸಿ ಇಟ್ಕೊಳ್ಳಿ. ಇಲ್ಲಾಂದ್ರೆ ಎಂ-ಸ್ಯಾಂಡ್ ತೂಕದಲ್ಲಿ ಲೈನರಿಗೂ ದುಡ್ಡು ಕೊಡ್ತೀರಿ.

ಕೋಟಿಂಗ್_ಕಡ್ಡಿ

ಸ್ಪ್ರೇ ಬಗ್ಗೆ ಅಂಗಡಿಯವರು ಬಾಯಿ ಬಿಡದ ಒಂದು ಲೆಕ್ಕ ಇದೆ. ಕೋಟಿಂಗ್ ಬಾಳಿಕೆ ನಿಂತಿರೋದು ದಪ್ಪದ ಮೇಲೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಳಿದು, ಅದರಲ್ಲಿ ಥಿನ್ನರ್ ಆವಿಯಾಗೋ ಭಾಗ ಏನೂ ಇಲ್ಲದಿದ್ದರೆ 1 ಮಿ.ಮೀ. ದಪ್ಪ ಸಿಗುತ್ತೆ. ನಿಮ್ಮ ನೆಲ 49.5 ಚದರಡಿ, ಸುತ್ತ ಗೋಡೆ ಮತ್ತು ಹಿಂದಿನ ಡೋರ್ ಸೇರಿ 29 ಅಡಿ ಸುತ್ತಳತೆ ಒಂದೂವರೆ ಅಡಿ ಎತ್ತರ, ಅಂದ್ರೆ 43.5. ಒಟ್ಟು 93 ಚದರಡಿ, 8.6 ಚದರ ಮೀಟರ್. 1 ಮಿ.ಮೀ. ಬೇಕಂದ್ರೆ ಪೂರ್ತಿ ಸಾಲಿಡ್ (ಒಣಗಿದ ಮೇಲೆ ಉಳಿಯೋ ಭಾಗ) ಇರೋ ಮೆಟೀರಿಯಲ್ಲೇ 8.6 ಲೀಟರ್, ಗಾಳಿಗೆ ಹಾರಿದ್ದು ಸೇರಿಸಿದರೆ 10 ಲೀಟರ್. ಸಾಲಿಡ್ 60 ಪರ್ಸೆಂಟ್ ಮಾತ್ರ ಇರೋ ಮೆಟೀರಿಯಲ್ಲಿನ 4 ಲೀಟರ್ ಕಿಟ್ ಒಂದನ್ನೇ ಈ ಜಾಗಕ್ಕೆಲ್ಲ ಎಳೆದರೆ ಉಳಿಯೋದು ಕಾಲು ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಮೇಲೆ ಕೈ ಆಡಿಸಿದರೆ ಗರಗರ ಅಂತ ಚೆನ್ನಾಗಿರುತ್ತೆ, ಸನಿಕೆ ಎಳೆದ ದಿನ ಬಣ್ಣ ಗೊತ್ತಾಗುತ್ತೆ. ಆದ್ದರಿಂದ "ಎಷ್ಟು ಕೋಟ್" ಅಂತ ಕೇಳಬೇಡಿ. ಎಷ್ಟು ಲೀಟರ್, ಸಾಲಿಡ್ ಎಷ್ಟು ಪರ್ಸೆಂಟ್, ಒಣಗಿದ ಮೇಲೆ ಗೇಜ್ ಇಟ್ಟು ದಪ್ಪ ತೋರಿಸ್ತೀರಾ – ಈ ಮೂರು ಕೇಳಿ.

ಕೋಟಿಂಗ್‌ನಲ್ಲಿ ಎರಡು ಜಾತಿ. ಒಂದು, ಸಾದಾ ಕಂಪ್ರೆಸರ್ ಮತ್ತು ಶುಟ್ಜ್ ಗನ್ನಿನಲ್ಲಿ (ಬಾಟ್ಲಿಗೇ ಕೂರಿಸೋ ದಪ್ಪ ಕೋಟಿಂಗ್ ಗನ್) ಹೊಡೆಯೋ ಎರಡು ಪಾರ್ಟಿನ ಪಾಲಿಯುರೆಥೇನ್. ಬಾಟ್ಲಿಗೆ ಹಾರ್ಡನರ್ ಸುರಿದು ಅಲ್ಲಾಡಿಸಿ ಹೊಡೆಯೋದು. ಇನ್ನೊಂದು, ಎರಡೂ ಪಾರ್ಟನ್ನು 60-70 ಡಿಗ್ರಿಗೆ ಕಾಯಿಸಿ 2000 ಪಿಎಸ್‌ಐಗೂ ಮೇಲೆ ಒತ್ತಡದಲ್ಲಿ ಹೊಡೆಯೋ ಪಾಲಿಯೂರಿಯಾ ಮೆಷಿನ್. ಇದು ಸೆಕೆಂಡುಗಳಲ್ಲಿ ಗಟ್ಟಿಯಾಗೋದರಿಂದ 2-3 ಮಿ.ಮೀ. ಕೂರಿಸಬಹುದು. ವಾಟರ್‌ಪ್ರೂಫಿಂಗ್ ಮಾಡೋರ ಹತ್ತಿರವೂ ಈ ಮೆಷಿನ್ ಇರುತ್ತೆ. ತಾರಸಿಗೆ ಹೊಡೆಯೋ ಕೈ ತಗಡಿನ ತಯಾರಿ ಬಿಟ್ಟುಬಿಡುತ್ತೆ, ಅಲ್ಲೇ ತಪ್ಪೋದು.

ಕಿತ್ತು ಬರೋ ಕೋಟಿಂಗ್ ಮುಕ್ಕಾಲು ಪಾಲು ತಯಾರಿಯಲ್ಲೇ ಕೆಟ್ಟಿರುತ್ತೆ. ಹೊಸ ಗಾಡಿಯ ಪೇಂಟ್ ನುಣುಪು, ಅದರ ಮೇಲೆ ನೇರ ಹೊಡೆದರೆ ಮೂಲೆ ಹಿಡಿದು ಎಳೆದಾಗ ಬಾಳೆ ಎಲೆ ಥರ ಬರುತ್ತೆ. ಕ್ರಮ ಹೀಗಿರಲಿ: ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಉಜ್ಜೋಕೆ ಮುಂಚೆಯೇ ಥಿನ್ನರ್ ಬಟ್ಟೆಯಲ್ಲಿ ಎಣ್ಣೆ, ಪಾಲಿಶ್ ತೆಗೀರಿ, ಇಲ್ಲಾಂದ್ರೆ ಎಮರಿ ಪೇಪರ್ ಆ ಎಣ್ಣೆಯನ್ನ ಗೀರಿನೊಳಗೆ ತುಂಬುತ್ತೆ. ಒಂದು ಕೈಯಲ್ಲಿ ಥಿನ್ನರ್ ಬಟ್ಟೆ, ಹಿಂದೆಯೇ ಇನ್ನೊಂದು ಕೈಯಲ್ಲಿ ಒಣ ಬಟ್ಟೆ; ತಾನಾಗೇ ಆರೋಕೆ ಬಿಟ್ಟರೆ ಎಣ್ಣೆ ಅಲ್ಲೇ ಕೂರುತ್ತೆ. ಆಮೇಲೆ 180 ನಂಬರ್ ಪೇಪರಿನಲ್ಲಿ ಹೊಳಪು ಪೂರ್ತಿ ಹೋಗೋವರೆಗೆ ಉಜ್ಜಿ, ದಪ್ಪ ಪಾಲಿಯೂರಿಯಾ ಆದರೆ 80 ನಂಬರ್. ಉಬ್ಬುಗೆರೆಗಳ ತಗ್ಗು, ಮೂಲೆ, ವೆಲ್ಡ್ ಸಂದಿಗೆ ಮೆಷಿನ್ ಹೋಗಲ್ಲ, ಅಲ್ಲಿ ಕೈಯಲ್ಲೇ ಉಜ್ಜಬೇಕು. ಕಬ್ಬಿಣ ಬರಿದಾದ ಕಡೆ ಎಪಾಕ್ಸಿ ಪ್ರೈಮರ್. ನೀರು ಹೋಗೋ ತೂತುಗಳಿಗೆ ಗ್ರೀಸ್ ಹಚ್ಚಿದ ಬೋಲ್ಟ್ ತೂರಿಸಿಡಿ, ಕೋಟಿಂಗ್ ಅರೆ ಗಟ್ಟಿ ಇರೋವಾಗ ತಿರುಗಿಸಿ ತೆಗೀರಿ. ಮಾಸ್ಕಿಂಗ್ ಟೇಪೂ ಅಷ್ಟೇ, ಪೂರ್ತಿ ಗಟ್ಟಿಯಾದ ಮೇಲೆ ಎಳೆದರೆ ಅಂಚೇ ಎದ್ದು ಬರುತ್ತೆ.

ಮಳೆಗಾಲದಲ್ಲಿ ಮಾಡಿಸಬೇಡಿ. ಹಾರ್ಡನರ್‌ನಲ್ಲಿರೋ ಐಸೊಸೈನೇಟ್ ತೇವಕ್ಕೆ ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಅದೇ ಮೇಲೆ ಸೂಜಿಮೊನೆಯ ತೂತುಗಳಾಗಿ ಕಾಣೋದು. ಆ ತೂತಿನಲ್ಲಿ ಗೊಬ್ಬರದ ರಸ ಇಳಿದರೆ ಕೋಟಿಂಗ್ ಕೆಳಗೇ ತುಕ್ಕು ಹರಡುತ್ತೆ, ಕಾಣೋದು ಗುಳ್ಳೆ ಎದ್ದಾಗ. ತೇವಾಂಶ 85 ಪರ್ಸೆಂಟ್ ದಾಟಿದ ದಿನ, ಬೆಳಗ್ಗೆ ತಗಡಿನ ಮೇಲೆ ಇಬ್ಬನಿ ಇರೋವಾಗ ಗನ್ ಎತ್ತಲೇಬಾರದು. ಹೊಡೆಯೋ ಹುಡುಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದರೆ ಆ ಅಂಗಡಿ ಬಿಟ್ಟು ಬನ್ನಿ. ಐಸೊಸೈನೇಟ್ ಆಸ್ತಮಾ ತರುತ್ತೆ, ಅದಕ್ಕೆ ಹೊರಗಿನಿಂದ ಗಾಳಿ ಕೊಡೋ ಮಾಸ್ಕೇ ಬೇಕು. ಅಷ್ಟೂ ಗೊತ್ತಿಲ್ಲದವನಿಗೆ ಮಿಕ್ಸಿಂಗ್ ಅಳತೆಯೂ ಗೊತ್ತಿರಲ್ಲ.

ಮ್ಯಾಟ್_ಮಂಜಣ್ಣ

ಕಡ್ಡಿ ಅವರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ತಿಂಗಳಿಗೆ ಎರಡು ಸಲ ಸಾಲಿಡ್ ಬ್ಲಾಕ್ ಇಳಿಸೋ ಗಾಡಿಗೆ ಬರೀ ಸ್ಪ್ರೇ ಅಂದ್ರೆ ಹೊಸ ಸೀರೆ ಉಟ್ಟು ಗದ್ದೆ ನಾಟಿ ಮಾಡಿದ ಹಾಗೆ. ಎತ್ತಿ ತೆಗೆಯೋ ಒಂದು ಪದರ ಬೇಕೇ ಬೇಕು.

ನನ್ನ ಓಟು ಹಳೆ ಕನ್ವೇಯರ್ ಬೆಲ್ಟಿಗೆ. ಕ್ರಷರ್‌ಗಳಲ್ಲಿ ಬದಲಾಯಿಸಿದ ಬೆಲ್ಟ್ ಗುಜರಿಗೆ ಬರುತ್ತೆ. 800 ಮಿ.ಮೀ. ಅಗಲದ್ದು ಎರಡು ಪಟ್ಟಿ, ತಲಾ 9 ಅಡಿ ತಗೊಳ್ಳಿ. ನಿಮ್ಮ ಅಗಲ 1676 ಮಿ.ಮೀ., ಬೆಲ್ಟ್ ಎರಡು ಸೇರಿ 1600, ಎರಡು ಪಕ್ಕಕ್ಕೂ ಒಂದೂವರೆ ಇಂಚು ಸಂದಿ ಉಳಿಯುತ್ತೆ. ಅದು ಉಳೀಲೇಬೇಕು, ನೀರು ಇಳಿಯೋ ದಾರಿ ಅದೇ. 10 ಮಿ.ಮೀ. ದಪ್ಪದ್ದು ಎರಡೂ ಪಟ್ಟಿ ಸೇರಿ 50-55 ಕೆ.ಜಿ. ಬರುತ್ತೆ. ಒಂದೊಂದು ಪಟ್ಟಿ ಒಬ್ಬನೇ ಸುತ್ತಿ ಎಳೆದು ಹಾಕೋ ತೂಕ. ಒಂದೇ ಶೀಟ್ ಮಾಡಿಸಿದರೆ ಯಾರೂ ಎತ್ತಲ್ಲ, ಎತ್ತದಿದ್ದರೆ ಕೆಳಗೆ ತುಕ್ಕು.

ತಗೊಳ್ಳೋವಾಗ ಕತ್ತರಿಸಿದ ಅಂಚು ನೋಡಿ. ಒಳಗೆ ಬಟ್ಟೆ ಪದರ ಇದ್ದರೆ ಸರಿ, ಉಕ್ಕಿನ ತಂತಿ ಕಂಡರೆ ಬೇಡ. ತಂತಿ ಸವೆದು ಹೊರಗೆ ಬಂದರೆ ಪೇಂಟೂ ಹೋಯ್ತು, ಕೈಯೂ ಹೋಯ್ತು. ಬಟ್ಟೆ ಪದರದ ಅಂಚು ಬತ್ತಿ ಥರ ನೀರು ಎಳೆಯುತ್ತೆ, ಪಂಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಎರಡು ಸಲ ಬಳಿದು ಮುಚ್ಚಿ. ಕತ್ತರಿಸೋಕೆ ಚೂಪಾದ ಚಾಕು, ಸೋಪು ನೀರು; ಗೀರನ್ನ ಬಗ್ಗಿಸಿ ತೆರೆದು ಮತ್ತೆ ಗೀರೋದು. ಗ್ರೈಂಡರ್ ಹಚ್ಚಿದರೆ ಸುಟ್ಟು ಹೊಗೆ.

ಕೌ ಮ್ಯಾಟಿನ ತೊಂದರೆ ತೂಕ ಒಂದೇ ಅಲ್ಲ. ಕೆಳಗಿನ ಉಬ್ಬುಗಳ ನಡುವೆ ಎಂ-ಸ್ಯಾಂಡ್ ಹೊಕ್ಕು ಕೂರುತ್ತೆ, ಗಾಡಿ ಅಲುಗಾಡಿದಷ್ಟೂ ಸ್ಯಾಂಡ್‌ಪೇಪರ್ ಕೆಲಸ ಮಾಡುತ್ತೆ. ಗೊಬ್ಬರ, ಹಸು ಸಾಗಿಸೋಕೆ ಚೆನ್ನ, ಮರಳಿಗೆ ಅಲ್ಲ. ಹಗುರ ಇರುತ್ತೆ ಅಂತ ಇವಿಎ (ಫೋಮ್ ಥರದ) ಮ್ಯಾಟ್ ಹಾಕಿದರೆ ಬ್ಲಾಕಿನ ಮೂಲೆ ಮೊದಲ ದಿನವೇ ಕಚ್ಚಿಕೊಂಡು ಹೋಗುತ್ತೆ.

ಚಿಂತಾಮಣಿ_ಲೋಡ್

ಒಂದು ಅನುಮಾನ. ಬಾಕ್ಸ್ ಲೋಡ್ ಮಾಡೋ ಹುಡುಗರು ಹಿಂದಿನ ಡೋರ್ ಹತ್ತಿರ ಇಟ್ಟು ಕಾಲಿನಲ್ಲಿ ಕ್ಯಾಬಿನ್ ಕಡೆಗೆ ತಳ್ತಾರೆ. ರಬ್ಬರ್ ಮೇಲೆ ಜಾರುತ್ತಾ? ಗೊಬ್ಬರ ಎಳೆಯೋವಾಗ ಚೆಕರ್ ಪ್ಲೇಟಿಗೆ ಸನಿಕೆ ಸಿಕ್ಕಿಕೊಳ್ಳುತ್ತೆ ಅಂತಾನೂ ಕೇಳಿದೆ. ಶೋರೂಮಿನಲ್ಲಿ ಬರೋ ಅಚ್ಚಿನ ಪ್ಲಾಸ್ಟಿಕ್ ತೊಟ್ಟಿ ನಮ್ಮ ಗಾಡಿಗೆ ಸಿಗಲ್ವಾ?

ತುಕ್ಕು_ವೈರಿ

ಆ ಪ್ಲಾಸ್ಟಿಕ್ ತೊಟ್ಟಿಗಳು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಥರದ ಗಾಡಿಗೆ ಮಾಡಿದ್ದು, ಚಕ್ರದ ಉಬ್ಬು ಸಮೇತ ಅಚ್ಚು ಹಾಕಿರ್ತಾರೆ. ಚಪ್ಪಟೆ ನೆಲದ ಗಾಡಿಗೆ ಕೂರಲ್ಲ. ಎಚ್‌ಡಿಪಿಇ ಶೀಟ್ ಕತ್ತರಿಸಿ ಹಾಕಬಹುದು, ಆದರೆ ಬಿಸಿಲಿಗೆ ಹಿಗ್ಗೋದನ್ನ ಲೆಕ್ಕ ಹಿಡೀರಿ: ಮುಂಜಾನೆಗೂ ಮಧ್ಯಾಹ್ನಕ್ಕೂ ಶೀಟಿನ ಬಿಸಿ 30 ಡಿಗ್ರಿ ಏರಿದರೆ 9 ಅಡಿ ಉದ್ದದಲ್ಲಿ ಒಂದು ಸೆಂಟಿಮೀಟರಿಗೂ ಮೇಲೆ ಬೆಳೆಯುತ್ತೆ. ಸುತ್ತ ಸ್ಕ್ರೂ ಬಿಗಿದರೆ ನಡುವೆ ಹಪ್ಪಳ. ಬೋಲ್ಟ್ ತೂತನ್ನ ಉದ್ದಕ್ಕೆ ಸೀಳಬೇಕು, ಅಂಚಿಗೆ 10 ಮಿ.ಮೀ. ಸಂದಿ ಬಿಡಬೇಕು. ಒದ್ದೆಯಾದಾಗ ಲೋಡು ಜಾರೋದು ಬೇರೆ.

ರಬ್ಬರ್ ಮೇಲೆ ಪ್ಲಾಸ್ಟಿಕ್ ಬಾಕ್ಸ್ ಜಾರಲ್ಲ, ನಿಮ್ಮ ಅನುಮಾನ ಸರಿ. ತಳ್ಳಿದರೆ ಮುಗ್ಗರಿಸುತ್ತೆ, ಮೇಲಿನ ಹಣ್ಣು ಚೆಲ್ಲುತ್ತೆ. ಹುಡುಗರು ಎರಡನೇ ದಿನ ಮ್ಯಾಟ್ ಎತ್ತಿ ಬಿಸಾಡಿರ್ತಾರೆ.

ಬಾಡಿಶೆಡ್

ನಿಮ್ಮ ಲೋಡಿಗೆ ಇಲ್ಲಿ ಯಾರೂ ಹೇಳದ ಒಂದು ಇದೆ: ಶಟರಿಂಗ್ ಪ್ಲೈ. ಸೆಂಟ್ರಿಂಗ್‌ನವರು ಮೋಲ್ಡಿಗೆ ಬಳಸೋ ಕಂದು ಫಿಲ್ಮಿನ 12 ಮಿ.ಮೀ. ಶೀಟು. ಮೇಲೆ ಐಎಸ್ 4990 ಗುರುತಿರಲಿ. ಮನೆ ಪೀಠೋಪಕರಣದ ಸಾದಾ ಪ್ಲೈ ಒಂದು ಮಳೆಗಾಲಕ್ಕೆ ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತೆ. ಬಾಕ್ಸ್ ಇದರ ಮೇಲೆ ಸರಾಗ ಜಾರುತ್ತೆ, ಸನಿಕೆ ಓಡುತ್ತೆ, ಬ್ಲಾಕಿನ ಪೆಟ್ಟನ್ನ ಅಗಲಕ್ಕೆ ಹರಡುತ್ತೆ. ನೆಲಕ್ಕೆ ಪೂರ್ತಿ ಹಾಕಿದರೂ ಕಬ್ಬಿಣದ ಚೆಕರ್ ಪ್ಲೇಟಿನ ಅರ್ಧ ತೂಕವೂ ಬರಲ್ಲ. ಮೇಲ್ಮೈ ಸವೆದರೆ ತಿರುಗಿಸಿ ಹಾಕಿ.

8×4 ಶೀಟ್ ಎರಡು ಸಾಕು. ಎರಡನ್ನೂ 8 ಅಡಿಯಿಂದ 5.5 ಅಡಿಗೆ ಕತ್ತರಿಸಿ ಗಾಡಿಗೆ ಅಡ್ಡ ಮಲಗಿಸಿ, ಹಿಂದಿನಿಂದ ಶುರು ಮಾಡಿದರೆ 8 ಅಡಿ ಮುಚ್ಚುತ್ತೆ. ಕ್ಯಾಬಿನ್ ಕಡೆ ಉಳಿಯೋ 1 ಅಡಿಗೆ ತುಂಡುಗಳಲ್ಲೇ ಆಗುತ್ತೆ: ಒಂದು 4 ಅಡಿ, ಒಂದು ಒಂದೂವರೆ ಅಡಿ. ಸಂದಿ ಅಲ್ಲಿರಲಿ, ಹಿಂದೆ ಬಂದರೆ ಸನಿಕೆ ತುದಿ ಅದನ್ನೇ ಹುಡುಕಿ ಎತ್ತುತ್ತೆ. ಅಳತೆಗಿಂತ ಸುತ್ತ 8-10 ಮಿ.ಮೀ. ಕಡಿಮೆ ಕೊಯ್ಯಿಸಿ. ಕೊಯ್ದ ಅಂಚಿಗೆಲ್ಲ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಬೋಲ್ಟ್ ತೂತಿನ ಒಳಗೂ. ಪ್ಲೈ ಸಾಯೋದು ಅಂಚಿನಿಂದ, ಮೇಲ್ಮೈಯಿಂದ ಅಲ್ಲ.

ಕೆಳಗೆ ಬಾಡಿಯ ಉಬ್ಬುಗೆರೆ ಮೇಲೆ ಹಳೆ ಟ್ಯೂಬ್ ಕೊಯ್ದ ಪಟ್ಟಿ ಒಂದೊಂದು ಅಡಿಗೆ ಅಂಟಿಸಿ. ಪೇಂಟಿಗೂ ಪ್ಲೈಗೂ ಉಜ್ಜಾಟ ತಪ್ಪುತ್ತೆ, ತಗ್ಗಿನಲ್ಲಿ ನೀರು ಹರಿಯೋ ದಾರಿಯೂ ಇರುತ್ತೆ. ಪಟ್ಟಿಯನ್ನ ನೀರಿನ ತೂತಿನ ಮೇಲೆ ಎಳೀಬೇಡಿ. ಬೋಲ್ಟ್ ಹಾಕದೆ ಹಾಗೇ ಬಿಟ್ಟರೆ ಖಾಲಿ ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಪ್ಲೈ ಎದ್ದು ಡಬ್ ಅಂತ ಕೂರುತ್ತೆ, ಮೂಲೆ ಒಡೆಯುತ್ತೆ. ದೊಡ್ಡ ಶೀಟಿಗೆ ನಾಲ್ಕು, ಸಣ್ಣ ತುಂಡಿಗೆ ಎರಡು ಎಂ8 ಬೋಲ್ಟ್, ತಲೆ ಪ್ಲೈ ಒಳಗೆ ಮುಳುಗೋ ಹಾಗೆ. ಕೆಳಗಿನಿಂದ ಅಗಲ ವಾಷರ್, ನೈಲಾಕ್ (ಅಲುಗಾಟಕ್ಕೆ ಸಡಿಲವಾಗದ) ನಟ್. ಬಾಡಿಯಲ್ಲಿ ಮೊದಲೇ ಇರೋ ತೂತು ಸಿಕ್ಕರೆ ಅದನ್ನೇ ಬಳಸಿ. ಹೊಸ ತೂತು ಕೊರೆದರೆ ಬರಿದಾದ ಅಂಚಿಗೆ ಪ್ರೈಮರ್, ಮೇಲೆ ಪಾಲಿಯುರೆಥೇನ್ ಸೀಲಂಟ್. ಡ್ರಿಲ್ ಹಿಡಿಯೋಕೆ ಮುಂಚೆ ಒಬ್ಬರು ಗಾಡಿ ಕೆಳಗೆ ಮಲಗಿ ನೋಡಲೇಬೇಕು: ಬ್ರೇಕ್ ಪೈಪ್, ಹಿಂದಿನ ಲೈಟಿನ ವೈರಿಂಗ್, ಡೀಸೆಲ್ ಟ್ಯಾಂಕ್. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಬೇಡ, ಅದರ ಮೊನೆ ಕೆಳಗೆ ಇಣುಕಿ ನಿಲ್ಲುತ್ತೆ.

ಚೆಕರ್ ಪ್ಲೇಟ್ ವಿಷಯ: ದಿನಾ ಬ್ಲಾಕು, ಕಲ್ಲು, ಗುಜರಿ ಕಬ್ಬಿಣ ಹೊಡೆಯೋ ಗಾಡಿಗೆ ಅದೇ ಸರಿ. ನಿಮಗೆ ಬೇಡ. ಹಾಕಿಸೋರು ಯಾರೇ ಆಗಲಿ ವೆಲ್ಡ್ ಮಾಡಿಸಬೇಡಿ. ಟ್ಯಾಕ್ ಹಾಕಿದ ಕಡೆಯೆಲ್ಲ ನೆಲದ ಕೆಳಗಿನ ಪೇಂಟ್ ಸುಟ್ಟು ಅಲ್ಲಿಂದಲೇ ತುಕ್ಕು ಶುರು, ನೀರು ಒಳಗೆ ಸೇರಿದರೆ ತೆಗೆಯೋಕೂ ಆಗಲ್ಲ. ಮಾಡಲೇಬೇಕಾದರೆ ಬ್ಯಾಟರಿ ನೆಗೆಟಿವ್ ಕಳಚಿ, ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ, ಅರ್ತ್ ಕ್ಲಾಂಪನ್ನ ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಅಲ್ಯುಮಿನಿಯಂ ಚೆಕರ್ ಹಗುರ ಅಂತ ಹೋಗಬೇಡಿ. ಸಿಮೆಂಟಿನ ಕ್ಷಾರಕ್ಕೂ ಪೊಟ್ಯಾಷಿನ ಕ್ಲೋರೈಡಿಗೂ ಅದು ಕರಗೋ ಲೋಹ. ಕಬ್ಬಿಣಕ್ಕೆ ತಾಗಿಕೊಂಡು ನಡುವೆ ಉಪ್ಪು ನೀರು ನಿಂತರೆ ಕೆಳಮೈಯೆಲ್ಲ ಬಿಳಿ ಪುಡಿ.

ಕೋಟಿಂಗ್_ಕಡ್ಡಿ

ಪ್ಲೈ ಒಪ್ಪಿದೆ. ಹಾಗಾದ್ರೆ ಸ್ಪ್ರೇಯನ್ನ 93 ಚದರಡಿಗೆ ತೆಳ್ಳಗೆ ಎಳೆಯೋ ಬದಲು ನೆಲ ಮತ್ತು ಗೋಡೆಯ ಕೆಳಗಿನ ನಾಲ್ಕು ಇಂಚಿಗಷ್ಟೇ ಹೊಡೆಸಿ. 49.5ಕ್ಕೆ ಸುತ್ತಿನ ಪಟ್ಟಿ ಹತ್ತು ಸೇರಿ 60 ಚದರಡಿಯೊಳಗೆ ಮುಗೀತು. ಅದೇ 4 ಲೀಟರ್ ಕಿಟ್‌ನಲ್ಲಿ ದಪ್ಪ ಒಂದೂವರೆ ಪಟ್ಟು. ಮೇಲೆ ಪ್ಲೈ ಪೆಟ್ಟು ತಿನ್ನುತ್ತೆ, ಕೆಳಗೆ ಕೋಟಿಂಗ್ ನೀರು ತಡೆಯುತ್ತೆ. ಬೋಲ್ಟ್ ತೂತುಗಳನ್ನ ಕೋಟಿಂಗಿಗೆ ಮೊದಲೇ ಕೊರೆದು ಪ್ರೈಮರ್ ಮಾಡಿಸಿಬಿಡಿ. ಹೊಡೆದ ಮೇಲೆ ಏಳು ದಿನ ಲೋಡ್ ಹಾಕಬೇಡಿ. ಮುಟ್ಟಿದರೆ ಒಣಗಿದ ಹಾಗಿರುತ್ತೆ, ಒಳಗೆ ಆಗಿರಲ್ಲ.

ಮ್ಯಾಟ್_ಮಂಜಣ್ಣ

ಸರಿ, ನಾನೂ ಸೋತೆ. ಆದರೂ ಬ್ಲಾಕ್ ಟ್ರಿಪ್ಪಿನ ದಿನ ಹಿಂದಿನ 3 ಅಡಿಗೆ ಒಂದು ಬೆಲ್ಟ್ ತುಂಡು ಪ್ಲೈ ಮೇಲೆ ಹಾಸ್ಕೊಳ್ಳಿ, ಹಿಂದಿನ ಡೋರ್ ಇಳಿಸಿದಾಗ ಅದರ ಮೇಲೂ ಬರೋ ಹಾಗೆ. ಇಳಿಸೋವಾಗ ಬ್ಲಾಕು ಬೀಳೋದು ಅಲ್ಲೇ.

ಚಿಂತಾಮಣಿ_ಲೋಡ್

ಹಾಗೇ ಮಾಡಿಸ್ತೀನಿ: ನೆಲಕ್ಕೆ ಕೋಟಿಂಗ್, ಮೇಲೆ ಪ್ಲೈ, ಬ್ಲಾಕಿಗೆ ಬೆಲ್ಟ್ ತುಂಡು. ಪ್ಲೈ ಎಷ್ಟು ದಿನಕ್ಕೊಮ್ಮೆ ಎತ್ತಬೇಕು?

ಬಾಡಿಶೆಡ್

ಮೂರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಕೂಡಲೇ ತಪ್ಪದೆ ಒಮ್ಮೆ. ಅದರ ನಡುವೆ ಗೊಬ್ಬರ ಅಥವಾ ಪೊಟ್ಯಾಷ್ ಇಳಿಸಿದ ದಿನವೇ ತೊಳೀರಿ, ಮಾರನೇ ದಿನಕ್ಕೆ ಬೇಡ. ಗಾಡಿ ಮೂತಿ ಏರುಕಡೆ ನಿಲ್ಲಿಸಿ, ಪೈಪನ್ನ ಕ್ಯಾಬಿನ್ ಕಡೆಯ ಸಂದಿಗೆ ಹಿಡಿದು ಹಿಂದಿನ ಡೋರ್ ಹತ್ತಿರ ತಿಳಿ ನೀರು ಬರೋವರೆಗೆ ಬಿಡಿ. ಡೋರ್ ಕೀಲಿನ ಪಕ್ಕದ ಎರಡು ಮೂಲೆಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತೆ, ಒಂದು ಕಡ್ಡಿ ಹಾಕಿ ಕೆದಕಿ. ಡೋರ್ ಇಳಿಸಿಯೇ ಒಣಗೋಕೆ ಬಿಡಿ.